ಹಿತ್ತಲ ಬಚ್ಚಲಿನ ದೀಪ

ಗಂಡಸರಿಬ್ಬರು ಒಂದು ಪೆಟ್ಟಿಗೆಯ ಮುಂದೆ ಕೂತರೆಂದರೆ ಅವರಿಗೆ ಊಟದ ಹೊತ್ತು ಗೊತ್ತಾಗುವುದಿಲ್ಲ, ಮನೆಯಲ್ಲಿ ಹೆಂಗಸೊಬ್ಬಳು ಇದ್ದಾಳೆಂಬುದಂತೂ ನೆನಪೇ ಇರುವುದಿಲ್ಲ. ಹಾವೇರಿಯ ನಮ್ಮ ಬಾಡಿಗೆ ಮನೆಯ ನಡುಮನೆ ಎರಡು ವರ್ಷ ಹೀಗೆ ಇವರ ಮತ್ತು ಮಹಮ್ಮದಗೌಸನ ವಶದಲ್ಲಿತ್ತು. ಇವರು ಎಂದರೆ ನನ್ನ ಯಜಮಾನರು, ಸದಾಶಿವ. ಇಬ್ಬರೂ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಶಾಲೆಯಲ್ಲಿ ನಾನು ಇಂದಿರಾಬಾಯಿ, ಗೌಸನಿಗೆ ಮಾತ್ರ ವೈನಿ, ಅಂದರೆ ಅತ್ತಿಗೆ. ಚಹಾ ಬೇಕಾದಾಗ ಆ ವೈನಿ ಎಂಬ ಮಾತು ಇನ್ನಷ್ಟು ಉದ್ದವಾಗುತ್ತಿತ್ತು.

ಅದೇನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ಬಿಸಲಿನ ಪಾನೆಲ್ ಕೊಡೂದು ಬರೇ ಹನ್ನೆರಡು ವೋಲ್ಟ್," ಇವರು ಹೇಳಿದರು. "ನಮಗ ಬೇಕಾಗಿದ್ದು ನಾನೂರು. ಅಷ್ಟು ಮ್ಯಾಲೆ ಏರಿಸಬೇಕು, ಏರಿಸೂ ಹೊತ್ತಿನಾಗ ಹಾಳು ಮಾಡ್ಕೋಬಾರ್ದು."

"ಅಂದ್ರ ನಾಕ್ ಮಂದಿ ಸಾರು ನಾನೂರು ಮಂದಿಗೆ ಬಡಸಿದಂಗ."

ಗೌಸ ನಕ್ಕ. "ಖರೇ ವೈನಿ. ಏರಿದಂಗೆಲ್ಲಾ ತೆಳ್ಳಗ ಆಕ್ಕೈತಿ. ಆದ್ರ ಒಂದು ಹನಿ ಚೆಲ್ಲಬಾರ್ದು, ಅದ ನಮ್ಮ ಕೆಲಸ."

ಒಂದೇ ಸುರುಳಿಯಿಂದ ಅಷ್ಟು ಎತ್ತರಕ್ಕೆ ಏರಿಸಲು ಹೋದರೆ ಒಳಗಿನ ಟ್ರಾನ್ಸಿಸ್ಟರು ಸುಟ್ಟುಹೋಗುತ್ತಿತ್ತು. ಅದಕ್ಕೆ ಕಪ್ಪು ಫೆರೈಟ್ ತುಂಡೊಂದರ ಮೇಲೆ ಎರಡು ಸುರುಳಿ ಸುತ್ತಿ, ಒಂದರ ಬಲವನ್ನು ಇನ್ನೊಂದಕ್ಕೆ ಕೂಡಿಸುವ ಉಪಾಯ ಮಾಡಿದ್ದರು. ಕೂದಲೆಳೆಯಂಥ ತಾಮ್ರದ ತಂತಿ ತರಲು ರಾಣೇಬೆನ್ನೂರಿಗೆ, ಫಕ್ಕೀರಸಾಬನ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದರು. ಆ ತಂತಿಯನ್ನು ಗೌಸನೇ ಸುತ್ತಬೇಕು. ಇವರು ಸುತ್ತಿದರೆ ಸುರುಳಿ ಸಡಿಲಾಗಿ ಪೆಟ್ಟಿಗೆ ಸಣ್ಣಗೆ ಸಿಳ್ಳು ಹಾಕುತ್ತಿತ್ತು. ಗೌಸನ ಕೈಯಲ್ಲಿ ಅದು ಸುಮ್ಮನಿರುತ್ತಿತ್ತು. ಮುಂದೆ ಎಂದಾದರೂ ನಾಲ್ಕು ಪಾನೆಲ್ ಕೂಡಿಸಿ ಹೊಲದ ಬಾವಿಯ ಮೋಟರು ನಡೆಸಬೇಕೆಂಬುದು ಇಬ್ಬರ ದೊಡ್ಡ ಆಸೆ. ಸದ್ಯಕ್ಕೆ ಒಂದು ಟ್ಯೂಬ್‌ಲೈಟ್ ಉರಿದರೆ ಸಾಕಾಗಿತ್ತು.

ಪಾನೆಲ್ ಇಡಲು ನಮಗೆ ಜಾಗವಿರಲಿಲ್ಲ. ಮಾಲೀಕ ಮಾಳಿಗೆಯ ಬಾಗಿಲಿಗೆ ಬೀಗ ಜಡಿದಿದ್ದ. ಹೀಗಾಗಿ ಅದು ಕರ್ಜಗಿಗೆ, ಗೌಸನ ಹಿರಿಯರ ಮನೆಯ ಮಾಳಿಗೆಗೆ ಹೋಯಿತು. ಅಲ್ಲಿ ಗೌಸನ ತಾಯಿ ಜೈತೂನಬಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಅವರ ತಂಗಿ ಅಮೀರಬಿ ಬ್ಯಾಡಗಿಯಿಂದ ಪ್ರತಿ ವರ್ಷ ಒಂದು ಚೀಲ ಕಳಿಸುತ್ತಿದ್ದಳು. ಗೌಸ ಆ ಕಾಯಿಯನ್ನೆಲ್ಲ ಮೂಲೆಗೆ ಸರಿಸಿ, ಬಿಸಿಲು ಚೆನ್ನಾಗಿ ಬೀಳುವ ಕಡೆ ಪಾನೆಲ್ ನಿಲ್ಲಿಸಿದ. ಅದರ ನೆರಳಲ್ಲಿ ಬಿದ್ದ ಕಾಯಿ ಬೂಷ್ಟು ಹಿಡಿದವು. ತಾಯಿ ಅತ್ತರು. ಇವನು ರೇಗಿದ. ನಿನ್ನ ಕಾಯಿ ಸಂತೆಯಲ್ಲಿ ಸಿಗುತ್ತವೆ, ಇದು ಎಲ್ಲಿಯೂ ಸಿಗುವುದಿಲ್ಲ ಎಂದು ಕೂಗಾಡಿ ಬಸ್ಸು ಹತ್ತಿ ಬಂದುಬಿಟ್ಟ. ದಸರೆಯಿಂದ ಉಗಾದಿಯವರೆಗೆ ಮನೆಗೆ ಹೋಗಲಿಲ್ಲ. ಹೋಗೋ ಮಾರಾಯಾ, ತಾಯಿಯ ಹತ್ತಿರ ಎಂಥ ಹಟ ಎಂದು ನಾನು ಬೈದಾಗಲೆಲ್ಲ, ಮುಂದಿನ ವಾರ ಹೋಗುತ್ತೇನೆ ಅನ್ನುತ್ತಿದ್ದ. ಪೆಟ್ಟಿಗೆಯ ಕೆಲಸದಲ್ಲಿ ಅವನ ಮುಂದಿನ ವಾರ ಬರಲೇ ಇಲ್ಲ.

ಬಂದದ್ದು ಜೈತೂನಬಿಗೆ ಜ್ವರ ನೆತ್ತಿಗೇರಿದೆ ಎಂಬ ಸುದ್ದಿ. ಗೌಸ ಹೋಗುವ ಹೊತ್ತಿಗೆ ಅಮೀರಬಿ ಮತ್ತು ಓಣಿಯ ಹೆಂಗಸರು ಹಾಸಿಗೆಯ ಸುತ್ತ ಕೂತಿದ್ದರು. ಅವರಲ್ಲೊಂದು ಪದ್ಧತಿಯಿದೆ. ಸಾಯುವ ತಾಯಿ ತಾನು ಕುಡಿಸಿದ ಹಾಲನ್ನು ಮಕ್ಕಳಿಗೆ ಮಾಫ್ ಮಾಡಬೇಕು. ಆ ಒಂದು ಮಾತು ತಾಯಿಯ ಬಾಯಿಂದ ಬರದಿದ್ದರೆ ಮಗ ಎಷ್ಟು ನಮಾಜು ಮಾಡಿದರೂ ಆ ಋಣ ತೀರುವುದಿಲ್ಲ ಎಂದು ನಂಬುತ್ತಾರೆ. ಅಮೀರಬಿ ಅಕ್ಕನ ಕಿವಿಯ ಹತ್ತಿರ ಬಾಗಿ, "ಆಪಾ, ತೇರಾ ಬೇಟಾ ಆಯಾ. ದೂಧ್ ಬಕ್ಷ್ ದೇ," ಅಂದಳಂತೆ, ನಿನ್ನ ಮಗ ಬಂದ, ಹಾಲು ಮಾಫ್ ಮಾಡು ಎಂದು.

ಜೈತೂನಬಿಗೆ ಎಚ್ಚರವಿತ್ತು. ಮಗನನ್ನು ನೋಡಿದರು. ಕಣ್ಣು ತುಂಬಿ ಬಂದವು. ಅಮೀರಬಿ ಮತ್ತೊಮ್ಮೆ ಹೇಳಿದಳು. ಆಗ ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಮತ್ತೆ ಈ ಕಡೆ ತಿರುಗಲೇ ಇಲ್ಲ.

ಇದನ್ನು ಗೌಸ ನಮ್ಮ ನಡುಮನೆಯಲ್ಲಿ ಕೂತು ಹೇಳಿದ. ಹೇಳುವಾಗ ಅಳಲಿಲ್ಲ. ಕೈಯಲ್ಲಿದ್ದ ತಂತಿಯ ತುಂಡನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, "ಗ್ವಾಡಿ ಕಡೆ ಹೊಳ್ಳಿದ್ರು ವೈನಿ," ಎಂದಷ್ಟೇ ಮತ್ತೆ ಮತ್ತೆ ಅಂದ. ಜ್ವರದ ತಾಪದಲ್ಲಿ ಯಾರು ಯಾವ ಕಡೆ ಹೊರಳಿದರೆ ಏನರ್ಥ ಎಂದು ಸಮಾಧಾನ ಹೇಳಿದೆ. ಅದು ಅವನ ಕಿವಿಗೆ ಬೀಳಲಿಲ್ಲ.

ಅವರ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹೆಣಕ್ಕೆ ಸ್ನಾನ ಮಾಡಿಸಿದ ಜಾಗದಲ್ಲಿ ನಲವತ್ತು ದಿನ ಸಂಜೆಗೆ ದೀಪ ಇಡಬೇಕು. ಅಷ್ಟು ದಿನ ಸತ್ತವರ ಜೀವ ಮನೆಗೆ ಬಂದು ಹೋಗುತ್ತದಂತೆ. ಅದಕ್ಕೆ ಕತ್ತಲೆ ಕಾಣಿಸಬಾರದು. ನಲವತ್ತನೆಯ ದಿನ ಫಾತಿಹಾ ಪ್ರಾರ್ಥನೆ ಓದಿಸಿ ದೀಪ ತೆಗೆದರೆ ಜೀವ ತನ್ನ ದಾರಿ ಹಿಡಿಯುತ್ತದೆ. ಜೈತೂನಬಿಗೆ ಸ್ನಾನ ಮಾಡಿಸಿದ್ದು ಹಿತ್ತಲಿನ ತಗಡಿನ ಬಚ್ಚಲಿನಲ್ಲಿ, ಕಲ್ಲುಚಪ್ಪಡಿಯ ಮೇಲೆ. ಚೈತ್ರದ ಗಾಳಿಗೆ ಅಲ್ಲಿ ಎಣ್ಣೆಯ ದೀಪ ನಿಲ್ಲುತ್ತಿರಲಿಲ್ಲ. ಸಂಜೆಯಾದರೆ ಊರಿನ ಕರೆಂಟೂ ಇರುತ್ತಿರಲಿಲ್ಲ. ಎರಡನೆಯ ದಿನವೇ ದೀಪ ಆರಿ, ಅಮೀರಬಿ ಬಾಯಿಗೆ ಸೆರಗು ಹಿಡಿದಳು. ನನ್ನ ದೀಪ ಆರುವುದಿಲ್ಲ ಎಂದ ಗೌಸ, ಮಾಳಿಗೆಯ ಪಾನೆಲ್ಲಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹಿತ್ತಲ ಬಚ್ಚಲಿಗೆ ತಂತಿ ಎಳೆದು ಟ್ಯೂಬ್ ಕಟ್ಟಿದ.

ಹನ್ನೆರಡು ವೋಲ್ಟಿನ ಕಡೆ ಕರೆಂಟು ಹೆಚ್ಚು ಹರಿಯುತ್ತದೆ. ಅದನ್ನು ಅಷ್ಟು ದೂರ ಒಯ್ಯಲು ದಪ್ಪ ತಂತಿ ಬೇಕು, ಸ್ವಿಚ್ಚೂ ದೊಡ್ಡದು ಬೇಕು. ನಾನೂರಕ್ಕೆ ಏರಿಸಿದ ಮೇಲೆ ತೆಳುವಾದ ತಂತಿ ಸಾಕು, ಮನೆಯ ಸಾದಾ ಸ್ವಿಚ್ ಸಾಕು. ಆದ್ದರಿಂದ ಪೆಟ್ಟಿಗೆಯನ್ನು ಬ್ಯಾಟರಿಯ ಪಕ್ಕ ಮಾಳಿಗೆ ಕೋಣೆಯಲ್ಲಿಟ್ಟು, ಸ್ವಿಚ್ಚನ್ನು ಬಚ್ಚಲ ಗೋಡೆಗೆ ಹಾಕಿದ್ದ. ದೀಪ ಬೇಡವಾದಾಗಲೂ ಪೆಟ್ಟಿಗೆ ತನ್ನಷ್ಟಕ್ಕೆ ನಡೆಯುತ್ತಿರಲಿ, ಅದು ಕುಡಿಯುವುದು ಗುಬ್ಬಿ ಕುಡಿದಷ್ಟು ಎಂದು ಇಬ್ಬರಿಗೂ ಹೆಮ್ಮೆ. ಇವರು ಕಾಗದದ ಮೇಲೆ ಗೆರೆ ಎಳೆದು ಇದನ್ನು ನನಗೆ ತಿಳಿಸಿದ್ದರು. ತಲೆ ಆಡಿಸಿ ಒಳಗೆ ಹೋಗಿದ್ದೆ.

ನಲವತ್ತನೆಯ ದಿನದ ಫಾತಿಹಾಕ್ಕೆ ನಾವಿಬ್ಬರೂ ಕರ್ಜಗಿಗೆ ಹೋದೆವು. ಮನೆ ತುಂಬ ಜನ. ಗೌಸನ ತಂದೆ ಯೂಸುಫಸಾಬರು ಬಿಳಿ ಟೊಪ್ಪಿಗೆ ಹಾಕಿಕೊಂಡು, ಬಂದವರಿಗೆಲ್ಲ ಕೈ ಮುಗಿದು ಬರಮಾಡಿಕೊಳ್ಳುತ್ತಿದ್ದರು. ಹಿತ್ತಲಲ್ಲಿ ಹಿರಿಯ ಹೆಂಗಸೊಬ್ಬಳು, ಹಣೆಯ ತುಂಬ ವಿಭೂತಿ ಧರಿಸಿದವಳು, ಒಲೆಯ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು. ಗೋಡೆಯಾಚೆಯ ಮನೆಯ ಗುತ್ತೆವ್ವ ಎಂದು ಗೊತ್ತಾಯಿತು. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಂದ್ರಿ ಬಾಯಾರ, ನಿಂತ್ರ ಸೊಪ್ಪು ಲಗೂ ಸೋಸೂದಿಲ್ಲ," ಅಂದಳು. ನಾನು ಕೂತು ಒಂದು ಸಿವುಡು ಸೋಸಿದೆ. ಹೊತ್ತು ಇಳಿಯುವ ಮೊದಲೇ ಎಮ್ಮೆ ಹಿಂಡಬೇಕೆಂದು ಅವಳು ಹೊರಟುಹೋದಳು.

ಸೂರ್ಯ ಮುಳುಗಿ ಮಗರಿಬ್ ನಮಾಜು ಮುಗಿಯಿತು. ಹಿರಿಯರು ಹಿತ್ತಲಿಗೆ ಬಂದರು. ಟ್ಯೂಬ್ ಬೆಳ್ಳಗೆ ಉರಿಯುತ್ತಿತ್ತು. ದುವಾ ಆಯಿತು. ಯೂಸುಫಸಾಬರು ಕೈ ಚಾಚಿ ಸ್ವಿಚ್ ಆರಿಸಿದರು. ಕತ್ತಲೆಯಾಯಿತು. ಎಲ್ಲರೂ ಮುಖದ ಮೇಲೆ ಕೈ ಸವರಿಕೊಂಡು ತಿರುಗಿದರು.

"ಯಾ ಅಲ್ಲಾ," ಎಂದಳು ಅಮೀರಬಿ, ಬಹಳ ಮೆಲ್ಲಗೆ.

ಕಣ್ಣು ಕತ್ತಲೆಗೆ ಹೊಂದಿದ ಮೇಲೆ ನನಗೂ ಕಾಣಿಸಿತು. ಟ್ಯೂಬ್ ಪೂರ್ತಿ ಆರಿರಲಿಲ್ಲ. ಒಳಗೆ ಮಸುಕು ನೀಲಿ ಬೆಳಕಿನ ಎಳೆಯೊಂದು ನಿಧಾನವಾಗಿ ಹೊರಳುತ್ತಿತ್ತು. ಯೂಸುಫಸಾಬರು ಸ್ವಿಚ್ಚನ್ನು ಮತ್ತೆ ಒತ್ತಿ ಮತ್ತೆ ಆರಿಸಿದರು. ಅದು ಹಾಗೆಯೇ ಇತ್ತು. ಜನ ಹಿಂದೆ ಸರಿದರು. ಗೌಸ ಒಬ್ಬನೇ ಮುಂದೆ ಹೋದ. ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು, ಟ್ಯೂಬಿನ ಕಡೆ ಕೈ ಎತ್ತಿದ. ಬೆರಳು ತಾಕಿದ ಕಡೆ ಬೆಳಕು ಒಮ್ಮೆಲೇ ಗಟ್ಟಿಯಾಯಿತು. ಕೈ ಸರಿಸಿದಂತೆ ಬೆಳಕೂ ಸರಿಯಿತು. ಕೈ ತೆಗೆದರೆ ಮಸುಕಾಗಿ ಹಿಂದಕ್ಕೆ ಹೋಯಿತು.

ನಾನು ದೆವ್ವ ಭೂತ ನಂಬುವವಳಲ್ಲ. ತರಗತಿಯಲ್ಲಿ ಹುಡುಗಿಯರು ಹುಣಸೆಮರದ ಕಥೆ ಹೇಳಿದರೆ ಬೈದು ಕೂರಿಸುವವಳು. ಆದರೂ ಆ ಸಂಜೆ ನಾನೂ ಜನರ ಜೊತೆ ಹಿಂದೆ ಸರಿದೆ. ಅಮೀರಬಿ ಹಿಂದೆ ನಿಂತು, "ಆಪಾ ಹೋಗಿಲ್ಲ. ಹೆಂಗ ಹೋಗ್ಯಾಳು, ಮನಸಿನ್ಯಾಗ ಇಟಗೊಂಡಾಳಲ್ಲ," ಅಂದಳು. ಅವಳು ಕೆಟ್ಟವಳಲ್ಲ, ಅಕ್ಕನನ್ನು ಕಳೆದುಕೊಂಡವಳು. ಆದರೆ ಆ ಮಾತು ಗೌಸನಿಗೆ ಕೇಳಿಸಿತು.

ಕೊನೆಯ ಬಸ್ಸಿನಲ್ಲಿ ಇವರು ನನಗೆ ತಿಳಿಸಿ ಹೇಳಿದರು. ಪೆಟ್ಟಿಗೆಯ ಒಳಗೆ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತದೆ. ಸ್ವಿಚ್ ಒಂದು ತಂತಿಯನ್ನಷ್ಟೇ ತುಂಡರಿಸುತ್ತದೆ. ಇನ್ನೊಂದು ತಂತಿಯಲ್ಲಿ ಮಿಡಿತ ಇದ್ದೇ ಇರುತ್ತದೆ. ಅದು ಗಾಳಿಯ ಮೂಲಕ, ಗೋಡೆಯ ಮೂಲಕ ಸೋರಿ ನೆಲಕ್ಕೆ ಹೋಗುವಾಗ ಟ್ಯೂಬಿನ ಒಳಗಿನ ಅನಿಲವನ್ನು ಸ್ವಲ್ಪ ಬೆಳಗುತ್ತದೆ. ಮನುಷ್ಯ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟಿದರೆ ಅವನ ಮೈಯೇ ಅದಕ್ಕೆ ದಾರಿ.

"ಅಪಾಯ ಇಲ್ಲೇನು?"

"ಈಗೇನಿಲ್ಲ. ಆದ್ರ ತಂತಿ ಮ್ಯಾಲಿನ ಕವಚ ಸವದ್ರ ಅದ. ಸ್ವಿಚ್ ತಗದು ಬ್ಯಾಟರಿ ಕಡೆ ಹಾಕಿದ್ರ ಮುಗೀತು. ಅರ್ಧಾ ತಾಸಿನ ಕೆಲಸ."

ಮುಂದಿನ ರವಿವಾರ ದೊಡ್ಡ ಸ್ವಿಚ್ಚೊಂದನ್ನು ಕಿಸೆಯಲ್ಲಿಟ್ಟುಕೊಂಡು ಹೋದವರು ಅದನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗಿ ಬಂದರು. ಮುಖ ಬಾಡಿತ್ತು. ನಾನು ನೀರು ಕೊಟ್ಟೆ. ಕುಡಿಯದೆ ಹಿಡಿದು ಕೂತರು.

"ನಾ ಹೇಳೂಕಿಂತ ಮೊದಲ ಅವನೇ ಎಲ್ಲಾ ಹೇಳಿದ. ಅದೇ ದಿವಸ ತಿಳದಿತ್ತಂತ. ಎಷ್ಟು ಸೋರ್ತದ ಅಂತ ಲೆಕ್ಕಾನೂ ಹಾಕ್ಯಾನ. ನನ್ನ ಲೆಕ್ಕಕ್ಕಿಂತ ಅವಂದ ಸರಿ ಅದ."

"ಮತ್ತ?"

"ಸದಾಶಿವಾ, ಯಾಕ ಹತ್ತತೈತಿ ಅಂತ ನನಗ ಗೊತ್ತೈತಿ. ಗೊತ್ತಿದ್ರೂ ಹೊರಗ ಬಂದು ನಿಂತ್ರ ಅಮ್ಮ ಇದ್ದಂಗ ಆಕ್ಕೈತಿ, ಅಂದ. ಒಮ್ಮೆ ಮುಖ ತಿರುವಿದ್ರು, ಈಗ ನಾ ನನ್ನ ಕೈಲೇ ಅವರನ್ನ ಆರಸಲೇನು ಅಂದ. ತಾನಾಗೇ ಆರಬೇಕಂತ."

ಅದು ತಾನಾಗಿ ಹೇಗೆ ಆರೀತು? ದಿನವೂ ಬಿಸಿಲು ಬೀಳುತ್ತದೆ, ದಿನವೂ ಬ್ಯಾಟರಿ ತುಂಬುತ್ತದೆ. ಸಾಲದ್ದಕ್ಕೆ ಗೌಸ ಪ್ರತಿ ಬೆಳಿಗ್ಗೆ ಮಾಳಿಗೆ ಹತ್ತಿ ಪಾನೆಲ್ಲಿನ ಧೂಳು ಒರೆಸುತ್ತಿದ್ದ. ಬ್ಯಾಟರಿಗೆ ನೀರು ಹಾಕುತ್ತಿದ್ದ. ಸಂಜೆ ಸ್ವಿಚ್ ಆರಿಸಿ ಆ ಕಲ್ಲಿನ ಮೇಲೆ ನಿಲ್ಲುತ್ತಿದ್ದ. ಬೇಸಿಗೆ ರಜೆ ಮುಗಿದು ಕಾಲೇಜು ತೆರೆದರೂ ಬರಲಿಲ್ಲ. ಇವರು ಅವನ ತರಗತಿಗಳನ್ನು ತಾವೇ ತೆಗೆದುಕೊಂಡು, ಪ್ರಿನ್ಸಿಪಾಲರಿಗೆ ಏನೇನೋ ಸಬೂಬು ಹೇಳಿ, ಸಂಜೆ ಮನೆಗೆ ಬಂದು ನಡುಮನೆಯ ಪೆಟ್ಟಿಗೆಗಳನ್ನು ನೋಡುತ್ತ ಸುಮ್ಮನೆ ಕೂತುಬಿಡುತ್ತಿದ್ದರು.

ಒಂದು ದಿನ ಹೊಸ ಪೆಟ್ಟಿಗೆಯೊಂದನ್ನು ತಾವೇ ಸುತ್ತಿ ಹಚ್ಚಿದರು. ಅದು ಸಣ್ಣಗೆ ಸಿಳ್ಳು ಹಾಕತೊಡಗಿತು. ಅಡಿಗೆಮನೆಯಲ್ಲಿ ನಿಂತಿದ್ದ ನನಗೆ ಯಾರೋ ಹಲ್ಲು ಕಚ್ಚಿಕೊಂಡು ಅಳುತ್ತಿರುವಂತೆ ಕೇಳಿಸಿತು. ಬಂದ್ ಮಾಡ್ರಿ ಅದನ್ನ ಎಂದು ಒದರಿದೆ. ಇವರು ತಕ್ಷಣ ಬಂದ್ ಮಾಡಿದರು. ಎಂದೂ ಹಾಗೆ ನನ್ನ ಮಾತು ಕೇಳಿದವರಲ್ಲ. ಆಗ ನನಗೆ ಇವರಿಗೂ ಭಯವಾಗಿದೆ ಎಂದು ತಿಳಿಯಿತು. ಆ ಕೋಣೆಗೆ ಒಬ್ಬಳೇ ಹೋಗುವುದನ್ನು ನಾನು ಬಿಟ್ಟೆ, ಕಸ ಗುಡಿಸುವಾಗ ರೇಡಿಯೋ ಹಚ್ಚಿಕೊಂಡು ಗುಡಿಸಿದೆ.

ಮತ್ತೊಂದು ವಾರಕ್ಕೆ ಯೂಸುಫಸಾಬರೇ ನಮ್ಮ ಮನೆಗೆ ಬಂದರು. ಕುರ್ಚಿ ಕೊಟ್ಟರೆ ತುದಿಯಲ್ಲಿ ಕೂತರು.

"ಮಾಸ್ತರ, ನೀವು ಹೇಳಿದ್ರ ಕೇಳ್ತಾನಂತ ಬಂದೇನಿ. ಊಟ ಬಿಟ್ಟಾನ. ಎರಡು ತುತ್ತು ತಿಂದ್ರ ಹೆಚ್ಚು. ಆಕಿ ಹೋಗ್ಯಾಳ, ನನಗ ಗೊತ್ತೈತಿ. ನಾನ ಮಣ್ಣು ಕೊಟ್ಟು ಬಂದೇನಿ. ಇವ ಬಿಡವೊಲ್ಲ. ಮಳಿ ಹಿಡದ್ರ ಆ ಹಸೀ ಕಲ್ಲಿನ ಮ್ಯಾಲೆ ನಿಂತು ವೈರ್ ಮುಟ್ಟಿ ಎಲ್ಲರ ಏನರ ಆದ್ರ?" ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಹೆಂಡತಿ ಕೊಟ್ಟೇನಿ, ಮಗನ್ನೂ ಕೊಡಲೇನ್ರಿ?" ಅಂದರು.

ಇವರು ತಲೆ ತಗ್ಗಿಸಿದರು. ಹೋಗಿ ಹೇಳಿ ಸೋತಿದ್ದರು. ಬಲವಂತವಾಗಿ ತಂತಿ ಕಿತ್ತರೆ ಅವನು ಮತ್ತೆ ಕಟ್ಟುತ್ತಾನೆ. ಅದನ್ನು ಕಟ್ಟಲು ಅವನಿಗಿಂತ ಚೆನ್ನಾಗಿ ಯಾರಿಗೂ ಬಾರದು. ನಾನು ಬರುತ್ತೇನೆ ಎಂದೆ. ಬಂದು ಏನು ಮಾಡುತ್ತೇನೆಂದು ನನಗೂ ತಿಳಿದಿರಲಿಲ್ಲ. ಅವನಿಗೆ ಎರಡು ಬೈಗುಳ ಬೈದು ಊಟ ಮಾಡಿಸಬೇಕು ಎಂಬಷ್ಟೇ ಮನಸ್ಸಿನಲ್ಲಿತ್ತು.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹೋದೆವು. ಗೌಸನನ್ನು ನೋಡಿದ ಮೇಲೆ ಬೈಗುಳ ಬಾಯಿಗೆ ಬರಲಿಲ್ಲ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಬರ್ರಿ ವೈನಿ ಎಂದ. ನಗಲು ನೋಡಿದ. ನಾನು ಮಾಡಿಕೊಂಡು ಹೋದ ಅವಲಕ್ಕಿಯನ್ನು ತಟ್ಟೆಗೆ ಹಾಕಿ ಕೊಟ್ಟರೆ, ಬೆರಳಲ್ಲಿ ಸರಿಸಾಡುತ್ತ ಕೂತ. "ಇಪ್ಪತ್ತೆಂಟು ವರ್ಷ ಸಾಕಿದಾಕಿ, ಒಂದ ಮಾತು ಹೇಳಾಕ ಮನಸು ಬರಲಿಲ್ಲಲ್ರಿ. ನಾ ಅಷ್ಟು ಕೆಟ್ಟಾಂವೇನು?" ಎಂದು ಕೇಳಿದ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡಿದ. ಎದ್ದು ಹಿತ್ತಲಿಗೆ ಬಂದೆ. ಅಲ್ಲಿ ಯಾರಿಗೂ ಕಾಣದಂತೆ ಅತ್ತೆ.

ಗೋಡೆಯಾಚೆ ಗುತ್ತೆವ್ವ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಗೋಡೆ ಸೊಂಟದೆತ್ತರ, ಒಂದು ಕಡೆ ಕಲ್ಲು ಬಿದ್ದು ಇನ್ನೂ ತಗ್ಗಾಗಿತ್ತು.

"ಯಾಕ್ರಿ ಬಾಯಾರ? ಹುಡುಗ ಹೆಂಗದಾನ? ನನ್ನ ಸಂಗಾಟ ಮಾತ ಬಿಟ್ಟಾನ. ತಾಯಿ ಹೋದ ದುಃಖಕ್ಕ ಇಷ್ಟು ಸೊರಗೂದು ಎಲ್ಲೂ ನೋಡಿಲ್ಲ."

"ಹೋದದ್ದಷ್ಟ ದುಃಖ ಅಲ್ಲ, ಗುತ್ತೆವ್ವ," ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲವನ್ನೂ ಹೇಳಿದೆ. ಹಾಲು ಮಾಫ್ ಮಾಡೆಂದು ಅಮೀರಬಿ ಕೇಳಿದ್ದು, ಜೈತೂನಬಿ ಗೋಡೆಗೆ ಮುಖ ಮಾಡಿದ್ದು, ಆ ಬೆಳಕನ್ನು ಅವನು ತಾಯಿಯ ಸಿಟ್ಟೆಂದು ತಿಳಿದದ್ದು, ಎಲ್ಲ.

ಗುತ್ತೆವ್ವ ಸಗಣಿಯ ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಂತಳು. ಅವಳ ಮುಖ ಬಿಳುಪೇರಿತು. ನಾನು ಏನೋ ಆಡಬಾರದ್ದನ್ನು ಆಡಿದೆನೇನೋ ಅಂದುಕೊಂಡೆ.

"ಯಾರು ಕೇಳ್ದಾಕಿ? ಅಮೀರಬಿ? ಮಂದಿ ಮುಂದ?"

"ಹೌದು."

"ಅಯ್ಯ ಶಿವನ," ಅಂದಳು. ಅಷ್ಟೇ ಅಂದು ಒಳಗೆ ಹೋದಳು. ಕೈ ತೊಳೆಯುವ ಸದ್ದು ಕೇಳಿಸಿತು. ಬಹಳ ಹೊತ್ತು ತೊಳೆದಳು. ಹೊರಗೆ ಬರುವಾಗ ಬೇರೆ ಸೀರೆ ಉಟ್ಟಿದ್ದಳು. "ಸಾಬರು ಮಸೂತಿಗೆ ಹೋಗಲಿ. ಆಮ್ಯಾಲೆ ಬರ್ತೀನಿ. ನೀವು ಇರ್ರಿ, ನಿಮ್ಮ ಯಜಮಾನ್ರೂ ಇರ್ಲಿ. ಮತ್ತ್ಯಾರೂ ಬ್ಯಾಡ," ಅಂದಳು.

ಮಗರಿಬ್ ಅಜಾನಿಗೆ ಯೂಸುಫಸಾಬರು ಎದ್ದು ಹೋದರು. ಗೌಸ ಎಂದಿನಂತೆ ಬಚ್ಚಲಿಗೆ ಬಂದು, ಸ್ವಿಚ್ ಆರಿಸಿ, ಕಲ್ಲಿನ ಮೇಲೆ ನಿಂತ. ನಾವಿಬ್ಬರು ಬಾಗಿಲಲ್ಲಿ ನಿಂತೆವು. ಕತ್ತಲೆ ಕೂಡುತ್ತಿದ್ದಂತೆ ಆ ನೀಲಿ ಎಳೆ ಟ್ಯೂಬಿನಲ್ಲಿ ಮೂಡಿ ಹೊರಳತೊಡಗಿತು. ಕಾರಣ ತಿಳಿದ ಮೇಲೂ ನಾನು ಬಾಗಿಲ ಚೌಕಟ್ಟು ಹಿಡಿದೆ. ನನ್ನ ಪಕ್ಕದಲ್ಲಿ ಇವರು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು, ಅವರಿಗೇ ಗೊತ್ತಿಲ್ಲದೆ.

ಗುತ್ತೆವ್ವ ಗೋಡೆಯ ತಗ್ಗಿನಿಂದ ದಾಟಿ ಬಂದಳು. ಆ ವಯಸ್ಸಿನಲ್ಲೂ ಎಲ್ಲಿ ಕಾಲಿಡಬೇಕೆಂದು ನೋಡದೆ ದಾಟಿದಳು. ನೆಟ್ಟಗೆ ಬಚ್ಚಲೊಳಗೆ ಹೋಗಿ ಗೌಸನ ಪಕ್ಕ ನಿಂತು, ಟ್ಯೂಬನ್ನು ನೋಡಿ, ಅಂಜದೆ ಅದರ ಮೇಲೆ ಅಂಗೈ ಇಟ್ಟಳು. ಬೆಳಕು ಅವಳ ಕೈಗೂ ಗಟ್ಟಿಯಾಯಿತು. ಗೌಸ ಬೆಚ್ಚಿ ನೋಡಿದ.

"ಗೌಸ್ಯಾ, ನಿಮ್ಮವ್ವಗ ಹಾಲ ಇರಲಿಲ್ಲ," ಅಂದಳು ಅವಳು.

ಅವನಿಗೆ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ.

"ನೀ ಹುಟ್ಟಿದಾಗ. ಒಂದು ಹನಿ ಬರಲಿಲ್ಲ. ನಿಮ್ಮಜ್ಜಿ ಭಾಳ ಬಿರುಸು. ಹಾಲಿಲ್ಲದ ಹೆಣ್ಣು ಮನಿಗೆ ದರಿದ್ರ, ಹಾಲು ಬರದಿದ್ರ ಇನ್ನೊಂದು ನಿಕಾಹ್ ಮಾಡ್ತೀನಿ ಮಗಂದು ಅಂತ ಅಂದಿದ್ಳು, ಇನ್ನೂ ಬಸರಿದ್ದಾಗ. ನಿಮ್ಮವ್ವ ಅಂಜಿದ್ಳು. ನನ್ನ ಕೂಸು ಅದ ವಾರ ಹೋಗಿತ್ತು, ಹೆಸರಿಡೂಕಿಂತ ಮೊದಲ. ನನಗ ಎದಿ ಕಟ್ಟಿ ಜ್ವರ ಬಂದಿದ್ವು. ಬಟ್ಟಿ ತೊಳ್ಯಾಕ ಬಂದಂಗ ಮಾಡಿ ಈ ಗ್ವಾಡಿ ಮ್ಯಾಲಿಂದ ನಿನ್ನ ಕೊಡ್ತಿದ್ಳು. ನಾ ಎಮ್ಮಿ ಕಟ್ಟೂ ಜಾಗಾದಾಗ ಕುಂತು ಕುಡಸ್ತಿದ್ನಿ. ನಮ್ಮನ್ಯಾಗ ಗೊತ್ತಾಗಿದ್ರ ನನ್ನೂ ಹೊರಗ ಹಾಕ್ತಿದ್ರು. ನೀ ರೊಟ್ಟಿ ತಿನ್ನೂ ತನಕ ಕುಡದಿ. ಎರಡೂ ಮನ್ಯಾಗ ಯಾರಿಗೂ ತಿಳೀಲಿಲ್ಲ."

ಗೌಸ ಗೋಡೆಗೆ ಕೈ ಕೊಟ್ಟ.

"ಸಾಯೂ ಹೊತ್ತಿನ್ಯಾಗ ಅಮೀರಬಿ ಹಾಲಿನ ಮಾತು ಕೇಳ್ಯಾಳ. ಮಂದಿ ಕುಂತಾರ. ಆಕಿ ಏನಂತ ಹೇಳ್ಬೇಕು? ಕೊಡದ ಹಾಲು ಮಾಫ್ ಮಾಡೇನಿ ಅಂತ, ದೇವರ ಕಡೆ ಹೊಂಟಾಕಿ, ಸುಳ್ಳು ಹೆಂಗ ಹೇಳ್ಯಾಳು? ಇಲ್ಲ ಅಂತರ ಹೆಂಗ ಹೇಳ್ಯಾಳು, ನಿನ್ನ ಮುಂದ? ಆಕಿಗೆ ನಿನ್ನ ಮ್ಯಾಲೆ ಸಿಟ್ಟಿರಲಿಲ್ಲೋ. ನಾಚಿಕಿ ಆಗಿತ್ತು."

ಮೇಲಿನ ಕೋಣೆಯಲ್ಲಿ ಪೆಟ್ಟಿಗೆ ಸದ್ದಿಲ್ಲದೆ ನಡೆಯುತ್ತಿತ್ತು. ಟ್ಯೂಬಿನ ಬೆಳಕಿನಲ್ಲಿ ಗೌಸನ ಮುಖ ನೀರಿನೊಳಗಿದ್ದಂತೆ ಕಾಣುತ್ತಿತ್ತು.

"ನನ್ನ ಮುಖಾ ನೋಡಿದಾಗೆಲ್ಲಾ," ಎಂದ ಅವನು, ಟ್ಯೂಬಿನ ಕಡೆ ನೋಡಿದ. ಮತ್ತೆ ಶುರುಮಾಡಿದ. "ಇಷ್ಟು ವರ್ಷ ನನ್ನ ಮುಖಾ ನೋಡಿದಾಗೆಲ್ಲಾ ಅಮ್ಮಗ ಇದ ನೆನಪಾಕ್ಕಿತ್ತೇನು?"

ಗುತ್ತೆವ್ವ ಇಲ್ಲ ಅನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ.

"ಆಕ್ಕಿತ್ತು," ಅಂದಳು. "ನೀ ನಮ್ಮ ಮನ್ಯಾಗ ಒಂದು ಗಳಿಗಿ ಹೆಚ್ಚು ನಿಂತ್ರ ಆಕಿ ಜೀವ ನಿಲ್ಲತಿರಲಿಲ್ಲ. ನಾ ನಿನ್ನ ಮ್ಯಾಲೆ ಹಕ್ಕು ಕೇಳ್ತೀನಿ ಅಂತ ಅಂಜಿಕಿ. ನೀ ದೊಡ್ಡಾಂವಾದ ಮ್ಯಾಲೂ ಆ ಅಂಜಿಕಿ ಹೋಗಿರಲಿಲ್ಲ. ಆಣಿ ಹಾಕಿಸ್ಕೊಂಡಿದ್ಳು ನನ್ನಿಂದ. ಇವತ್ತು ಮುರದೇನಿ. ಬೈದ್ರ ಮ್ಯಾಲೆ ಹೋದಾಗ ಬೈಸ್ಕೊಂತೀನಿ."

ಗೌಸ ಅಲ್ಲಿಯೇ, ತಾಯಿಗೆ ಸ್ನಾನ ಮಾಡಿಸಿದ ಆ ಕಲ್ಲಿನ ಮೇಲೆ ಕೂತುಬಿಟ್ಟ. ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ತಾಯಿ ಸತ್ತ ದಿನದಿಂದ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ ಎಂದು ಯೂಸುಫಸಾಬರು ಹೇಳಿದ್ದರು. ಇವರು ಹತ್ತಿರ ಹೋಗಲು ಹೆಜ್ಜೆಯಿಟ್ಟರು, ನಾನು ತಡೆದೆ. ಗುತ್ತೆವ್ವ ಅವನ ತಲೆ ಸವರಲಿಲ್ಲ, ಸಮಾಧಾನದ ಮಾತು ಹೇಳಲಿಲ್ಲ. ಅಳು ಇಳಿದ ಮೇಲೆ ಅವನು ಎದ್ದ, ಮೆಟ್ಟಿಲು ಹತ್ತಿ ಮಾಳಿಗೆ ಕೋಣೆಗೆ ಹೋದ. ಬ್ಯಾಟರಿಯ ಕೊಂಡಿ ಬಿಚ್ಚುವ ಸದ್ದು ಕೇಳಿಸಿತು.

ಟ್ಯೂಬ್ ಪೂರ್ತಿ ಆರಿತು. ಅಷ್ಟು ದಿನ ಆರಲಿ ಆರಲಿ ಎಂದು ಬೇಡಿಕೊಂಡಿದ್ದವಳು ನಾನು. ಆರಿದಾಗ ಮಾತ್ರ ಜೈತೂನಬಿಗಾಗಿ ಸಂಕಟವಾಯಿತು. ಒಂದು ಮನೆಯಲ್ಲಿ ಒಬ್ಬಳೇ, ಯಾರಿಗೂ ಹೇಳದೆ, ಅಷ್ಟು ವರ್ಷ ಅಂಜಿಕೊಂಡು ಬದುಕಿದ್ದಳು.

ಗೌಸ ಕತ್ತಲಲ್ಲಿ ತಡವರಿಸುತ್ತ ಇಳಿದು ಬಂದ. ಗುತ್ತೆವ್ವನ ಎದುರಿಗೆ ನಿಂತ. ಕೈ ಜೋಡಿಸಿದ್ದಾನೆಂದು ಬಳೆಯಿಲ್ಲದ ಅವಳ ಕೈ ಅವನ ಕೈಯನ್ನು ಕೆಳಗಿಳಿಸಿದಾಗ ತಿಳಿಯಿತು.

"ಹಂಗಾರ ನೀ ಹೇಳು, ಗುತ್ತೆವ್ವಾ. ಹಾಲು ಮಾಫ್ ಮಾಡೇನಿ ಅಂತ ನೀ ಹೇಳು."

"ನಾ ಹೇಳಂಗಿಲ್ಲ," ಅಂದಳು ಗುತ್ತೆವ್ವ.

ಪಕ್ಕದಲ್ಲಿ ಇವರು ಏನೋ ಅನ್ನಲು ಬಾಯಿ ತೆರೆದರು.

"ಮಾಫ್ ಮಾಡಿದ್ರ ಮುಗೀತಲ್ಲೋ. ಸಾಯೂ ಮಂದಿ ಮುಗಸ್ತಾರ. ನಾ ಈಗ ಶುರು ಮಾಡೇನಿ," ಎಂದಳು. "ಗ್ವಾಡಿ ಆಚೀಕಡೆ ಕುಂತು ನಿನ್ನ ದನಿ ಕೇಳ್ಕೊಂತ ಇಪ್ಪತ್ತೆಂಟು ವರ್ಷ ಸುಮ್ಮಕಿದ್ದೇನಿ. ಸಾಲೀಗೆ ಹೋಗೂವಾಗ ನೋಡೇನಿ, ನೌಕರಿ ಹತ್ತಿದಾಗ ಮಂದಿ ಬಾಯಿಲೇ ಕೇಳೇನಿ. ಒಂದು ದಿನಾನೂ ಕರದು ಉಣ್ಣಾಕ ನೀಡಿಲ್ಲ, ಆಕಿ ಅಂಜತಾಳಂತ. ಆ ಹಾಲು ನನ್ನ ಸತ್ತ ಕೂಸಿಂದು. ಅದನ್ನ ನಾ ಯಾರಿಗೂ ಬಿಡಂಗಿಲ್ಲ."

ಅವಳು ಅವನ ಮಣಿಕಟ್ಟು ಹಿಡಿದಳು. ಗೋಡೆಯ ತಗ್ಗಿನ ಕಡೆಗೆ ನಡೆದಳು. ಅವನು ಎಡವಿದಾಗ, "ಕಾಲೆತ್ತಿ ಇಡು, ಅಲ್ಲಿ ಕಲ್ಲೈತಿ," ಅಂದಳು. ಇಬ್ಬರೂ ದಾಟಿ ಆಚೆಗೆ ಹೋದರು. ಸ್ವಲ್ಪ ಹೊತ್ತಿಗೆ ಅವಳ ಮನೆಯಲ್ಲಿ ಚಿಮಣಿ ದೀಪ ಹತ್ತಿತು, ರೊಟ್ಟಿ ಬಡಿಯುವ ಸದ್ದು ಶುರುವಾಯಿತು.